ಅಮ್ಮನ ದುಡ್ಡು, ಅಮ್ಮನ ಬಿಲ್ಲು, ನಡುವೆ ಒಂದು ಟ್ರಸ್ಟ್

ನವೆಂಬರ್ ಎರಡನೇ ವಾರ ಆ ಪತ್ರ ಬಂತು. ಮೂರು ಹಾಳೆ, ಅದರಲ್ಲಿ ಎರಡೂವರೆ ನಮಗೆ ಬೇಡದ್ದು. ನಡುವೆ ಎಲ್ಲೋ ಒಂದು ಸಾಲು: ಅಮ್ಮನ ಹೆಚ್ಚುವರಿ ಆದಾಯ ಸೊನ್ನೆ, ಜುಲೈ 1ರಿಂದಲೇ ಲೆಕ್ಕ. ಅಡುಗೆಮನೆ ಕಟ್ಟೆಗೆ ಒರಗಿಕೊಂಡು ಮೂರು ಸಲ ಓದಿದೆ. ಅಮ್ಮ ಟಿವಿ ಮುಂದಿನಿಂದಲೇ "ಏನಂತೆ?" ಅಂದಳು. "ಆಯ್ತು" ಅಂದೆ. "ಯಾವ್ದು ಆಯ್ತು?" ಅಂದಳು. ಹತ್ತು ತಿಂಗಳಲ್ಲಿ ಅಷ್ಟು ಕಾಗದ ಹೋಗಿ ಬಂದಿದ್ದವು, ಅವಳ ಪ್ರಶ್ನೆ ನ್ಯಾಯವೇ.

ಆದದ್ದು ಪೂಲ್ಡ್ ಟ್ರಸ್ಟ್, ಅಂದರೆ ಸರ್ಕಾರಿ ಸಹಾಯದ ಮಿತಿಗಿಂತ ಹೆಚ್ಚಾದ ಆದಾಯವನ್ನು ಹಾಕಿ, ಅದರಿಂದ ಅಮ್ಮನ ಬಿಲ್ಲು ಕಟ್ಟಿಸುವ ಒಂದು ಏರ್ಪಾಡು. ಇದರ ಬಗ್ಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ. ಅಪ್ಪ ಅಮ್ಮನನ್ನು ಇಲ್ಲಿ ಅಮೆರಿಕದಲ್ಲಿ ನೋಡಿಕೊಳ್ಳುತ್ತಿರುವ ನಮ್ಮಂಥವರು ಎಷ್ಟೋ ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ಇದು ನ್ಯೂಯಾರ್ಕ್ ರಾಜ್ಯದ ಕಥೆ, ಲೆಕ್ಕಗಳು 2025ರವು. ಎಡಿಸನ್‌ನಲ್ಲಿರುವ ನನ್ನ ಗೆಳತಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಆಮೇಲೆ ಗೊತ್ತಾಯಿತು, ನ್ಯೂಜೆರ್ಸಿಯಲ್ಲಿ ಇದಕ್ಕೆ ಕ್ವಾಲಿಫೈಡ್ ಇನ್‌ಕಮ್ ಟ್ರಸ್ಟ್ ಅಂತ ಬೇರೆಯೇ ಏರ್ಪಾಡು, 2014ರ ಡಿಸೆಂಬರ್‌ನಿಂದ. ಹಾಗಾಗಿ ನಿಮ್ಮ ರಾಜ್ಯದ್ದು ನೀವು ವಿಚಾರಿಸಿಕೊಳ್ಳಿ.

ಅಮ್ಮನಿಗೆ 79 ವರ್ಷ. ಅಪ್ಪ 1984ರಲ್ಲಿ ಇಲ್ಲಿಗೆ ಬಂದು ಕೆಲಸ ಮಾಡಿ, ನಿವೃತ್ತಿಯಾಗಿ, 2019ರಲ್ಲಿ ಹೋದರು. ಅಮ್ಮ ಇಲ್ಲಿನ ಪ್ರಜೆ. ಅಪ್ಪನ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ, ಈಗ ಅವಳಿಗೆ ಬರುತ್ತದೆ, ತಿಂಗಳಿಗೆ 2,640 ಡಾಲರ್. ಅವಳು ನಮ್ಮ ಮನೆಯಲ್ಲೇ, ಕೆಳಗಿನ ರೂಮಿನಲ್ಲಿ ಇರುವುದು. 2025ರ ಜನವರಿಯಲ್ಲಿ ಸ್ಟ್ರೋಕ್ ಆಯಿತು. ಬಲಗೈ ಪೂರ್ತಿ ಹೋಯಿತು, ಬಲಗಾಲು ಅರ್ಧ. ಮಾತು ಉಳಿಯಿತು, ಜಾಸ್ತಿಯೇ ಉಳಿಯಿತು.

ಆಸ್ಪತ್ರೆಯಿಂದ ರಿಹ್ಯಾಬ್‌ಗೆ, ಅಂದರೆ ಚೇತರಿಕೆಯ ಕೇಂದ್ರಕ್ಕೆ, ಕಳಿಸಿದರು. ಅಲ್ಲಿ ಮೊದಲ 20 ದಿನ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಪೂರ್ತಿ ಕೊಡುತ್ತದೆ. 21ನೇ ದಿನದಿಂದ ದಿನಕ್ಕೆ 209.50 ಡಾಲರ್ ನಮ್ಮ ಕೈಯಿಂದ. ಅಮ್ಮ 31 ದಿನ ಇದ್ದಳು. ಅಂದರೆ 2,304 ಡಾಲರ್ ಚಿಲ್ಲರೆ. ಅದು ಹೋಗಲಿ. ಮನೆಗೆ ಬಂದ ಮೇಲೆ ಅವಳನ್ನು ಎಬ್ಬಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಿ, ಊಟ ಹಾಕಲು ಒಬ್ಬರು ಬೇಕಲ್ಲ, ಅದಕ್ಕೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ಗೊತ್ತಿರಲಿಲ್ಲ. ಗಂಟೆಗೆ 30 ಡಾಲರ್ ಕೊಟ್ಟು ದಿನಕ್ಕೆ ನಾಲ್ಕು ಗಂಟೆಗೆ ಒಬ್ಬ ಹೆಂಗಸನ್ನು ಇಟ್ಟುಕೊಂಡೆವು, ವಾರಕ್ಕೆ ಐದು ದಿನ. ಉಳಿದ ಹೊತ್ತು ನಾನು ಮತ್ತು ನಮ್ಮ ಯಜಮಾನರು, ಆಫೀಸಿನ ಮೀಟಿಂಗುಗಳ ನಡುವೆ. ವಾರಕ್ಕೆ 600. ಹೀಗೇ ಜುಲೈ ಕೊನೆಯವರೆಗೆ ನಡೆಯಿತು. ಒಟ್ಟು ಎಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ, ನಾನು ಒಂದು ಸಲ ಗುಣಿಸಿದ್ದೆ, ಸಾಕು.

ಮನೆಯಲ್ಲಿ ದೀರ್ಘಕಾಲ ನೋಡಿಕೊಳ್ಳುವವರ ಖರ್ಚು ಕೊಡುವುದು ಮೆಡಿಕೇಯ್ಡ್, ಆದಾಯ ಕಡಿಮೆ ಇರುವವರಿಗೆ ಸರ್ಕಾರದ ಬೇರೆಯದೇ ಯೋಜನೆ. ಅದು ಬಡವರಿಗೆ, ನಮಗಲ್ಲ ಅಂತ ಟೆಕ್ಸಸ್‌ನಲ್ಲಿರುವ ನನ್ನ ತಮ್ಮ ವಾದ ಮಾಡಿದ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ 65 ದಾಟಿದ ಒಬ್ಬರಿಗೆ 2025ರ ಆದಾಯದ ಮಿತಿ ತಿಂಗಳಿಗೆ 1,800 ಡಾಲರ್, ಉಳಿತಾಯದ ಮಿತಿ 32,396. ಅಮ್ಮ ಎರಡನ್ನೂ ದಾಟಿದ್ದಳು. ವಯಸ್ಸಾದವರಿಗೆ ಸಹಾಯ ಮಾಡುವ ಕೌಂಟಿಯ ವಿಭಾಗದಲ್ಲಿ ಒಬ್ಬ ಸಲಹೆಗಾರ್ತಿ ಸಿಕ್ಕರು. ನ್ಯೂಯಾರ್ಕಿನಲ್ಲಿ ಈ ಉಚಿತ ಸಲಹೆಗೆ ಹಿಕ್ಯಾಪ್ ಅನ್ನುತ್ತಾರೆ. ಹೋಗಿ, ದುಡ್ಡು ಕೇಳುವುದಿಲ್ಲ. ಆ ಮೊದಲು ನಾವು ಒಬ್ಬ ವಕೀಲರಿಗೆ ಒಂದು ಗಂಟೆಗೆ 400 ಕೊಟ್ಟು ಕೂತಿದ್ದೆವು. ಅವರು ಪೂರ್ತಿ ಕೆಲಸಕ್ಕೆ 7,500 ಅಂದಾಗ ಎದ್ದು ಬಂದೆವು. ಆಸ್ತಿ, ಮನೆ ಎಲ್ಲ ಇರುವವರಿಗೆ ವಕೀಲರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಮ್ಮನ ಹೆಸರಲ್ಲಿ ಇಲ್ಲಿ ಮನೆ ಇರಲಿಲ್ಲ, ಹಾಗಾಗಿ ನಾವು ಬಚಾವು.

ಆ ಸಲಹೆಗಾರ್ತಿ ಒಂದು ಹಳದಿ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಆ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ. 2,640ರಲ್ಲಿ 20 ಡಾಲರ್ ಎಲ್ಲರಿಗೂ ಬಿಡುತ್ತಾರೆ. ಮೆಡಿಕೇರ್ ಪಾರ್ಟ್ ಬಿ (ಡಾಕ್ಟರ ಖರ್ಚಿನ ವಿಮೆ) ಪ್ರೀಮಿಯಂ 185 ಕಳೆಯುತ್ತಾರೆ. ಉಳಿದದ್ದು 2,435. ಮಿತಿ 1,800. ಹೆಚ್ಚಾದದ್ದು 635. ಈ 635ಕ್ಕೆ ಸರ್‌ಪ್ಲಸ್ ಅಂತ ಹೆಸರು, ಕೆಲವರು ಸ್ಪೆಂಡ್‌ಡೌನ್ ಅನ್ನುತ್ತಾರೆ. ಪ್ರತಿ ತಿಂಗಳೂ ಅಷ್ಟು ದುಡ್ಡು ಚಿಕಿತ್ಸೆಗೆ ಖರ್ಚು ಮಾಡಿದರೆ ಮಾತ್ರ ಆ ತಿಂಗಳು ಮೆಡಿಕೇಯ್ಡ್ ಸಿಗುತ್ತದೆ. ಇಲ್ಲವಾದರೆ ಇನ್ನೊಂದು ದಾರಿ: ಆ 635ನ್ನು ಒಂದು ಪೂಲ್ಡ್ ಟ್ರಸ್ಟಿಗೆ ಹಾಕುವುದು. ಟ್ರಸ್ಟಿಗೆ ಹಾಕಿದ್ದು ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಆ ದುಡ್ಡಿನಿಂದ ಟ್ರಸ್ಟಿನವರು ಅಮ್ಮನದೇ ಬಿಲ್ಲುಗಳನ್ನು ಕಟ್ಟುತ್ತಾರೆ.

ಅಂದಹಾಗೆ 2022ರವರೆಗೆ ಈ ಮಿತಿ ಬರೀ 934 ಡಾಲರ್ ಇತ್ತು. ಆಗ ಇದ್ದಿದ್ದರೆ ಅಮ್ಮನ ಸರ್‌ಪ್ಲಸ್ 1,500 ದಾಟುತ್ತಿತ್ತು. ಹಳೆಯ ಲೆಕ್ಕ ಹಿಡಿದುಕೊಂಡು ಹೆದರಿಸುವ ನೆಂಟರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳ ಮೊದಲ ಪ್ರಶ್ನೆ: "ಇದೇನು ಚೀಟಿ ವ್ಯವಹಾರನಾ?"

ತೀರ್ಥಹಳ್ಳಿಯಲ್ಲಿ ಚೀಟಿ ನಡೆಸುತ್ತಿದ್ದವನೊಬ್ಬ ರಾತ್ರೋರಾತ್ರಿ ಓಡಿಹೋಗಿ ನಮ್ಮ ಅಜ್ಜಿಯ ಬಳೆ ದುಡ್ಡು ಮುಳುಗಿದ್ದು ನಮ್ಮ ಮನೆಯಲ್ಲಿ ಇನ್ನೂ ಮರೆತಿಲ್ಲ. ಚೀಟಿ ಅಲ್ಲ, ಲಾಭಕ್ಕಲ್ಲದ ಸಂಸ್ಥೆಗಳು ನಡೆಸುವುದು, 1993ರ ಕೇಂದ್ರ ಕಾನೂನಿನಲ್ಲೇ ಇದೆ ಅಂತ ವಿವರಿಸಿದೆ. ಎಲ್ಲರ ದುಡ್ಡನ್ನೂ ಒಟ್ಟಿಗೆ ಹೂಡುತ್ತಾರೆ, ಅದಕ್ಕೇ ಪೂಲ್ಡ್. ಆದರೆ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ಅಮ್ಮ ಕೇಳಿಸಿಕೊಂಡು, "ಅಲ್ವೇ ಮಾರಾಯ್ತಿ, ನನ್ ದುಡ್ಡು ನನ್ ಕೈಗೆ ಬಂದು, ಅವ್ರ ಕೈಗೆ ಹೋಗಿ, ಅವ್ರು ನನ್ ಬಿಲ್ಲು ಕಟ್ಟೋದಾ? ನಾನೇ ಕಟ್ಟಿದ್ರೆ ಏನಂತೆ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅಮ್ಮನಿಗೆ ಇದು ಬರೀ ತಮಾಷೆಯ ಮಾತಲ್ಲ. ಮದುವೆಯಾದಾಗಿನಿಂದ ಅವಳು ಲೆಕ್ಕದ ಪುಸ್ತಕ ಇಟ್ಟವಳು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಎಲ್ಲವೂ ಅದರಲ್ಲಿದೆ. ಅಪ್ಪ ದುಡಿದರು, ಆದರೆ ಮನೆ ನಡೆದದ್ದು ಆ ಪುಸ್ತಕದ ಮೇಲೆ. ಬಲಗೈ ಹೋದ ಮೇಲೂ ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ದಪ್ಪ ಅಕ್ಷರದಲ್ಲಿ, ಬರೆಯುತ್ತಾಳೆ. ಅವಳ ದುಡ್ಡಿಗೆ ಯಾರೋ ಗೊತ್ತಿಲ್ಲದವರಿಗೆ ಅರ್ಜಿ ಹಾಕಬೇಕು ಅನ್ನುವುದು ನನಗೇ ಸಂಕಟ ಆಗಿತ್ತು.

ಏಪ್ರಿಲ್ ಮಧ್ಯದಲ್ಲಿ ಮೆಡಿಕೇಯ್ಡ್ ಅರ್ಜಿ ಹಾಕಿದೆವು. ಫಾರ್ಮ್ ಡಿಓಎಚ್-4220, ಅದರ ಜೊತೆ ಸಪ್ಲಿಮೆಂಟ್ ಎ ಅನ್ನುವ ಇನ್ನೊಂದು. 65 ದಾಟಿದವರಿಗೆ ಎರಡೂ ಬೇಕು. ನಾನು ಮೊದಲು ಒಂದನ್ನೇ ಕಳಿಸಿ ಹತ್ತು ದಿನ ಕಳೆದುಕೊಂಡೆ. ಉಳಿತಾಯದ ಮಿತಿ ದಾಟಿದ್ದು ಆರು ಸಾವಿರ ಚಿಲ್ಲರೆ ಇತ್ತು. ಅದು ರಿಹ್ಯಾಬ್ ಬಿಲ್ಲು, ಮನೆಗೆಲಸದವರ ಸಂಬಳ ಅಂತ ಅಷ್ಟರೊಳಗೆ ತಾನಾಗೇ ಕರಗಿತ್ತು. ಆ ರಸೀದಿಗಳನ್ನು ಇಟ್ಟುಕೊಂಡಿರಿ. ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿಯೇ ಕೇಳುತ್ತಾರೆ.

ಈಗ ನಮ್ಮವರಿಗೇ ಅಂತ ಒಂದು ಎಚ್ಚರಿಕೆ. ಊರಿನ ಬ್ಯಾಂಕಿನ ದುಡ್ಡನ್ನೂ ತೋರಿಸಬೇಕು. ಅಮ್ಮನಿಗೆ ಶಿವಮೊಗ್ಗದಲ್ಲಿ ನಾಲ್ಕು ಲಕ್ಷದ ಒಂದು ಎಫ್‌ಡಿ ಇದೆ, ಜೊತೆಗೆ ಉಳಿತಾಯ ಖಾತೆ. ಮುಚ್ಚಿಡೋಣ ಅಂತ ಸಲಹೆ ಕೊಟ್ಟವರು ಇದ್ದಾರೆ. ಸಹಿ ಹಾಕುವವಳು ಅಮ್ಮ, ಸುಳ್ಳು ಬರೆದರೆ ಸಿಕ್ಕಿಕೊಳ್ಳುವವಳೂ ಅಮ್ಮ. ತೋರಿಸಿದೆವು. ಆಗ ಶುರುವಾಯಿತು ಹೆಸರಿನ ಗೋಳು. ಇಲ್ಲಿನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಅವಳ ಕೊನೆಯ ಹೆಸರು. ಊರಿನ ಬ್ಯಾಂಕಿನಲ್ಲಿ ಮುಂದೆ ಎರಡು ಇನಿಷಿಯಲ್, ಹಿಂದೆ ಒಂದು "ಅಮ್ಮ". ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿ ಕಳಿಸಿದೆ.

ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಪತ್ರ. ಊರಿನ ಖಾತೆಗೆ ಕಳೆದ ಸೆಪ್ಟೆಂಬರಿನಲ್ಲಿ ಹತ್ತು ಸಾವಿರ ರೂಪಾಯಿ ಬಂದಿದೆ, ಅದೇನು ಆದಾಯ? ಅದು ನಮ್ಮ ಮಾವ ಗೌರಿ ಹಬ್ಬಕ್ಕೆ ಹಾಕಿದ್ದು. ಅಪ್ಪ ಹೋದ ಮೇಲೆ ಬಾಗಿನ ನಿಂತಿತು. ಆದರೆ ಮಾವ ದುಡ್ಡು ಹಾಕುವುದು ನಿಲ್ಲಿಸಲಿಲ್ಲ. ಅಡಿಕೆ ರೇಟು ಬಿದ್ದ ವರ್ಷವೂ ಹಾಕಿದ್ದಾನೆ. ತವರು, ತಂಗಿ, ಗೌರಿ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಬ್ಬ ಕೇಸ್‌ವರ್ಕರಿಗೆ ಹೇಗೆ ಹೇಳುವುದು ಅಂತ ರಾತ್ರಿ ಹನ್ನೊಂದಕ್ಕೆ ಕೂತು ಯೋಚಿಸಿದೆ. ಕೊನೆಗೆ ಬರೆದದ್ದು ಇಷ್ಟೇ: ಅಣ್ಣನಿಂದ ತಂಗಿಗೆ ವರ್ಷಕ್ಕೊಮ್ಮೆ ಹಬ್ಬದ ಉಡುಗೊರೆ, ಸುಮಾರು 118 ಡಾಲರ್. ಮಾವನ ಕೈಲೂ ಒಂದು ಪತ್ರ ಬರೆಸಿ ವಾಟ್ಸಾಪಿನಲ್ಲಿ ತರಿಸಿಕೊಂಡು ಲಗತ್ತಿಸಿದೆ. ಅವನು ಕನ್ನಡದಲ್ಲಿ ಬರೆದಿದ್ದ, ಅನುವಾದ ನಾನೇ ಮಾಡಿದೆ. ಆಮೇಲೆ ಆ ಬಗ್ಗೆ ಯಾರೂ ಕೇಳಲಿಲ್ಲ.

ಜೂನ್‌ನಲ್ಲಿ ಒಪ್ಪಿಗೆ ಬಂತು, 635 ಸರ್‌ಪ್ಲಸ್ ಅಂತ ಮುದ್ರೆ ಒತ್ತಿಕೊಂಡೇ. ಇದು ಎಲ್ಲರಿಗೂ ಹೀಗೇ ಬರುತ್ತದೆ, ಹೆದರಬೇಡಿ. ಟ್ರಸ್ಟಿನ ಕೆಲಸ ಇಲ್ಲಿಂದ ಮುಂದೆ. ನಾನು ಮೂರು ಟ್ರಸ್ಟುಗಳಿಗೆ ಫೋನ್ ಮಾಡಿದೆ. ಸೇರುವ ಶುಲ್ಕ, ತಿಂಗಳ ಶುಲ್ಕ, ಬಿಲ್ಲು ಎಷ್ಟು ದಿನದಲ್ಲಿ ಕಟ್ಟುತ್ತಾರೆ, ಎಲ್ಲ ಒಂದೊಂದು ಕಡೆ ಒಂದೊಂದು ಥರ. ನಾವು ಆರಿಸಿದ್ದರಲ್ಲಿ ಸೇರಲು 250, ತಿಂಗಳಿಗೆ 35. ಫೋನ್ ಎತ್ತುತ್ತಾರಾ ಅಂತ ಮೊದಲು ನೋಡಿ. ಐದು ಡಾಲರ್ ಉಳಿಸಲು ಹೋಗಿ ಬಾಡಿಗೆ ಚೆಕ್ಕು ಎಲ್ಲಿದೆ ಅಂತ ವಾರಗಟ್ಟಲೆ ಕಾಯುವುದು ಬೇಡ.

ಸೇರುವ ಪತ್ರಕ್ಕೆ ಜಾಯಿಂಡರ್ ಅಗ್ರಿಮೆಂಟ್ ಅನ್ನುತ್ತಾರೆ. ಅದಕ್ಕೆ ನೋಟರಿ ಮುಂದೆ ಸಹಿ ಹಾಕಬೇಕು. ಅಮ್ಮ ಯಾವಾಗಲೂ ಸಹಿ ಹಾಕುವುದು ಕನ್ನಡದಲ್ಲಿ. ಇಲ್ಲಿನ ಪ್ರಜೆಯಾದ ಕಾಗದದಲ್ಲೂ ಕನ್ನಡದ ಸಹಿಯೇ. ಈಗ ಎಡಗೈ. ನೋಟರಿ ಮನೆಗೆ ಬಂದ. ಚಿಕ್ಕ ಹುಡುಗ, ಪಾಪ. ಹಳೆಯ ಸಹಿ ನೋಡಿದ, ಹೊಸದು ನೋಡಿದ. ಹಳೆಯದು ಒಂದೇ ಎಳೆತದಲ್ಲಿ ಬಳ್ಳಿಯ ಹಾಗೆ ಇತ್ತು. ಹೊಸದರಲ್ಲಿ ತಲಕಟ್ಟು ಒಂದು ಕಡೆ, ಅಕ್ಷರ ಒಂದು ಕಡೆ, ಕೊನೆಯ ಒತ್ತು ಗೆರೆಯಿಂದ ಕೆಳಗೆ ಜಾರಿತ್ತು. ಇದು ಅದೇನಾ ಅಂತ ನನ್ನ ಮುಖ ನೋಡಿದ. ನಾನು ಸ್ಟ್ರೋಕ್ ವಿಷಯ ಹೇಳಿದೆ, ಪಾಸ್‌ಪೋರ್ಟ್ ಫೋಟೋ ತೋರಿಸಿದೆ. ಅಮ್ಮ ಅವನನ್ನೇ ದಿಟ್ಟಿಸಿ ನೋಡುತ್ತಾ, "ಇನ್ನೊಂದು ಸಲ ಹಾಕ್ಲಾ ಕೇಳು" ಅಂದಳು. ಅವನು ಬೇಡ ಅಂತ ಸೀಲು ಒತ್ತಿದ. ಇಲ್ಲಿ ನೋಟರಿ ಶುಲ್ಕ ಒಂದು ಸಹಿಗೆ 2 ಡಾಲರ್, ಮನೆಗೆ ಬಂದದ್ದಕ್ಕೆ ಅವನು ಬೇರೆ ತೆಗೆದುಕೊಂಡ. ಅಪ್ಪ ಅಮ್ಮನಿಗೆ ಬುದ್ಧಿ ಸ್ಥಿಮಿತ ಇರುವಾಗಲೇ ಪವರ್ ಆಫ್ ಅಟಾರ್ನಿ ಮಾಡಿಸಿಡಿ. ಅದರಲ್ಲಿ ಟ್ರಸ್ಟ್ ಮಾಡುವ ಅಧಿಕಾರವನ್ನೂ ಬರೆಸಿ. ನಾವು ಅದೇ ವಾರ ಮಾಡಿಸಿದೆವು.

ಆ ಅಗ್ರಿಮೆಂಟಿನಲ್ಲಿ ಅಮ್ಮ ನನ್ನ ಕೈಲಿ ಎರಡು ಸಲ ಓದಿಸಿದ ಒಂದು ಕಲಮು ಇದೆ. ಅವಳು ಹೋದ ಮೇಲೆ ಟ್ರಸ್ಟಿನಲ್ಲಿ ಏನು ಉಳಿದಿರುತ್ತದೋ ಅದು ಮಕ್ಕಳಿಗೆ ಬರುವುದಿಲ್ಲ, ಟ್ರಸ್ಟಿನಲ್ಲೇ ಉಳಿಯುತ್ತದೆ. ಬೇರೆ ಅಂಗವಿಕಲರಿಗೆ ಬಳಸುತ್ತಾರೆ. ಅದಕ್ಕೇ ಅಲ್ಲಿ ದುಡ್ಡು ಕೂಡಿಡಬಾರದು, ತಿಂಗಳ ದುಡ್ಡು ತಿಂಗಳಿಗೆ ಖರ್ಚಾಗಬೇಕು. ಇನ್ನೊಂದು, ಅವಳು ಹೋದ ಮೇಲೆ ಅಂತ್ಯಕ್ರಿಯೆಯ ಖರ್ಚನ್ನೂ ನಮ್ಮ ಟ್ರಸ್ಟ್ ಕೊಡುವುದಿಲ್ಲ. ಬದುಕಿರುವಾಗಲೇ, ವಾಪಸ್ ಪಡೆಯಲಾಗದ ಒಪ್ಪಂದ ಮಾಡಿ ಮುಂಗಡ ಕಟ್ಟಿಡಬಹುದು, ಮೆಡಿಕೇಯ್ಡ್ ಅದನ್ನು ಉಳಿತಾಯ ಅಂತ ಹಿಡಿಯುವುದಿಲ್ಲ. ಇದನ್ನು ಅಮ್ಮನ ಮುಂದೆ ಹೇಗೆ ಎತ್ತುವುದು ಅಂತ ನಾನು ನಾಲ್ಕು ದಿನ ಒದ್ದಾಡಿದೆ. ಹೇಳಿದಾಗ ಅವಳು ಅಂದದ್ದು: "ಒಳ್ಳೇದಾಯ್ತು. ನಿಮ್ಮಪ್ಪ ಹೋದಾಗ ನೀನು ಅಳ್ತಾ ಅಳ್ತಾ ಕ್ರೆಡಿಟ್ ಕಾರ್ಡ್ ಹುಡುಕ್ತಿದ್ದೆ." 2,900 ಡಾಲರ್ ಕಟ್ಟಿ ಬಂದೆವು. ಬರುವಾಗ ದಾರಿಯಲ್ಲಿ ಕಾಫಿ ಕುಡಿದೆವು.

ಜುಲೈ ಮೊದಲ ವಾರ ಮೊದಲ 635 ಹಾಕಿದೆ. ಅದರ ರಸೀದಿ, ಅಗ್ರಿಮೆಂಟು, ಟ್ರಸ್ಟಿನ ಮೂಲ ದಸ್ತಾವೇಜು, ಎಲ್ಲ ಮೆಡಿಕೇಯ್ಡ್ ಕಚೇರಿಗೆ ಹೋಗಬೇಕು. ಅಷ್ಟೇ ಅಂದುಕೊಂಡಿದ್ದೆ. ಅಲ್ಲ. ಈ ಟ್ರಸ್ಟ್ ಅಂಗವಿಕಲರಿಗೆ ಮಾತ್ರ. ಅಮ್ಮನಿಗೆ 79, ಅರ್ಧ ಮೈ ಸ್ವಾಧೀನದಲ್ಲಿಲ್ಲ, ಆದರೂ ಅಂಗವಿಕಲೆ ಅಂತ ಕಾಗದದಲ್ಲಿ ಸಾಬೀತಾಗಬೇಕು. ಒಂದು ಪ್ರಶ್ನಾವಳಿ, ಡಾಕ್ಟರ್ ತುಂಬುವ ಒಂದು ವರದಿ, ಕಳೆದ ಒಂದು ವರ್ಷದ ವೈದ್ಯಕೀಯ ದಾಖಲೆ, ದಾಖಲೆ ತೆಗೆಸಿಕೊಳ್ಳಲು ಒಪ್ಪಿಗೆ ಪತ್ರ. ದಾಖಲೆಯ ನಕಲಿಗೆ ಪುಟಕ್ಕೆ 75 ಸೆಂಟ್. ಆಸ್ಪತ್ರೆಯಲ್ಲಿ 140 ಪುಟ ಅಂದರು.

ನಮ್ಮ ಕೆಲಸ ನಾಲ್ಕು ತಿಂಗಳು ಹಿಡಿದದ್ದು ಇಲ್ಲೇ. ಡಾಕ್ಟರ ಕಚೇರಿಯಲ್ಲಿ ಫಾರ್ಮ್ ಮೂರು ವಾರ ಕೂತಿತ್ತು. ಬಂದಾಗ ನೋಡಿದರೆ ಅರ್ಧ ಖಾಲಿ. "ವಯಸ್ಸಾಗಿದೆ, ಸಹಾಯ ಬೇಕು" ಅನ್ನುವ ಅರ್ಥದ ಒಂದೇ ಸಾಲು. ನಾನು ಬುದ್ಧಿ ಇಲ್ಲದೆ ಹಾಗೇ ಕಳಿಸಿದೆ. ಆಗಸ್ಟ್ ಕೊನೆಗೆ ವಾಪಸ್ ಬಂತು. ಅವರಿಗೆ ಬೇಕಾದದ್ದು ಅಳತೆ: ಎಷ್ಟು ಹೊತ್ತು ನಿಲ್ಲುತ್ತಾಳೆ, ಎಷ್ಟು ದೂರ ನಡೆಯುತ್ತಾಳೆ, ಎಷ್ಟು ತೂಕ ಎತ್ತುತ್ತಾಳೆ, ಬಲಗೈಯಲ್ಲಿ ಲೋಟ ಹಿಡಿಯುತ್ತಾಳಾ. ಎರಡನೇ ಸಲ ನಾನೇ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು, ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಡಾಕ್ಟರ ಎದುರಿಗೇ ಕೂತು ತುಂಬಿಸಿದೆ. ಹದಿನೈದು ನಿಮಿಷದ ಕೆಲಸ. ನೀವು ಮೊದಲ ಸಲವೇ ಹೀಗೆ ಮಾಡಿ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದು ನೆನಪಿಡಿ.

ಇನ್ನೊಂದು ಪರೀಕ್ಷೆ ಬೇರೆ ಇದೆ, ಮನೆಯಲ್ಲಿ ಎಷ್ಟು ಸಹಾಯ ಬೇಕು ಅಂತ ಒಬ್ಬ ನರ್ಸ್ ಬಂದು ಕೇಳುವುದು. ಇದು ಟ್ರಸ್ಟಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಬೇಕು. ನಮಗೆ ವಿಡಿಯೋದಲ್ಲಿ ಆಯಿತು. ದುಭಾಷಿ ಬೇಕು ಅಂದಿದ್ದೆ, ಹಿಂದಿಯವರನ್ನು ಹಾಕಿದರು. ಅಮ್ಮನಿಗೆ ಬರುವ ಹಿಂದಿ ಅಂದರೆ ಹಳೇ ಸಿನಿಮಾ ಹಾಡು. ಮತ್ತೆ ಇನ್ನೊಂದು ದಿನ, ಕನ್ನಡದವರು ಸಿಕ್ಕರು, ಹುಬ್ಬಳ್ಳಿ ಕಡೆಯ ದನಿ. ಕೇಳಿದ ತಕ್ಷಣ ಅಮ್ಮನಿಗೆ ಖುಷಿಯಾಗಿ ಹುಷಾರಾಗಿಬಿಟ್ಟಳು! "ಸ್ನಾನ ನೀವೇ ಮಾಡ್ತೀರೇನ್ರಿ?" ಅಂದರೆ "ಹೂಂ ಮತ್ತೆ, ಇನ್ಯಾರು ಮಾಡಿಸ್ತಾರೆ" ಅನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ. ಕೊನೆಗೆ "ಅಮ್ಮಾ, ನಿನ್ನೆ ಸ್ನಾನಕ್ಕೆ ಯಾರಿದ್ರು ಹೇಳು" ಅಂದೆ. ಆಗ ಸುಮ್ಮನಾದಳು. ಬೇರೆಯವರ ಮುಂದೆ ಮಾನ ಬಿಟ್ಟುಕೊಡದ ತಾಯಂದಿರು ನಮ್ಮವರು. ಹಿಂದಿನ ದಿನವೇ ಕೂರಿಸಿ ಹೇಳಿ, ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು ಅಂತ.

ಆಗಸ್ಟ್ 1ರಿಂದ ಮನೆಗೆ ಸಹಾಯಕಿ ಬರತೊಡಗಿದರು. ಇದಕ್ಕೆ ಒಂದು ಮ್ಯಾನೇಜ್ಡ್ ಕೇರ್ ಪ್ಲಾನ್‌ಗೆ, ಅಂದರೆ ಮೆಡಿಕೇಯ್ಡ್ ಪರವಾಗಿ ಸಹಾಯಕರನ್ನು ಏರ್ಪಾಡು ಮಾಡುವ ವಿಮಾ ಸಂಸ್ಥೆಗೆ, ಸೇರಬೇಕು. ಆ ಪ್ಲಾನಿನವರು ತಿಂಗಳ ಕೊನೆಗೆ 635ಕ್ಕೆ ಬಿಲ್ಲು ಕಳಿಸಿದರು! ಟ್ರಸ್ಟಿಗೂ 635, ಪ್ಲಾನಿಗೂ 635. ಬ್ಯಾಂಕಿಗೆ ಬರುವುದು, ಪಾರ್ಟ್ ಬಿ ಹಿಡಿದು, 2,455. ಎರಡೂ ಕಟ್ಟಿದರೆ ಅಮ್ಮನಿಗೆ ಉಳಿಯುವುದೆಷ್ಟು? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಕ್ಯಾಪ್‌ನವರು ಹೇಳಿದರು: ಟ್ರಸ್ಟಿಗೆ ಹಾಕುವುದನ್ನು ಒಂದು ತಿಂಗಳೂ ತಪ್ಪಿಸಬೇಡಿ, ಟ್ರಸ್ಟ್ ಕಾಗದ ಕೊಟ್ಟಿದ್ದೇವೆ, ತೀರ್ಮಾನ ಬಾಕಿ ಇದೆ ಅಂತ ಪ್ಲಾನಿಗೆ ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಗೆಯಾದಾಗ ಹಿಂದಿನಿಂದ ಸರಿಮಾಡುತ್ತಾರೆ ಅಂತ. ಹಾಗೇ ಮಾಡಿದೆ. ಆದರೂ ಸೆಪ್ಟೆಂಬರಿನಲ್ಲಿ ಒಂದು ಬಿಲ್ಲು, ಅಕ್ಟೋಬರಿನಲ್ಲಿ ಕೆಂಪು ಅಕ್ಷರದ ಇನ್ನೊಂದು. ಸಹಾಯಕಿಯನ್ನು ನಿಲ್ಲಿಸಿಬಿಡುತ್ತಾರೇನೋ ಅನ್ನುವ ಹೆದರಿಕೆಯಲ್ಲೇ ಮೂರು ತಿಂಗಳು. ನವೆಂಬರಿನ ಪತ್ರ ಬಂದ ಮೇಲೆ ಅದರ ನಕಲು ಕಳಿಸಿದೆ, ಬಾಕಿ ಅಳಿಸಿದರು. ಕ್ಷಮಿಸಿ ಅಂತ ಯಾರೂ ಅನ್ನಲಿಲ್ಲ ಬಿಡಿ.

ಇನ್ನು ಬಿಲ್ಲು ಕಟ್ಟಿಸುವ ಕಥೆ. ಟ್ರಸ್ಟಿನವರು ಅಮ್ಮನ ಕೈಗೆ ನಗದು ಕೊಡುವುದಿಲ್ಲ. ಅವಳಿಗೆ ಉಪಯೋಗವಾಗುವ ಬಿಲ್ಲನ್ನು ನೇರ ಕಟ್ಟುತ್ತಾರೆ: ಬಾಡಿಗೆ, ಕರೆಂಟು, ಫೋನು, ಬಟ್ಟೆ, ದಿನಸಿ. ಒಂದು ಕೋರಿಕೆ ಫಾರ್ಮು, ಜೊತೆಗೆ ಬಿಲ್ಲು. ಬಿಲ್ಲಿನ ಮೇಲೆ ಅವಳ ಹೆಸರು ಇರಬೇಕು. ಇಲ್ಲಿ ನಾವು ಸಿಕ್ಕಿಬಿದ್ದೆವು. ಒಂದೇ ಮನೆಯಲ್ಲಿ ಇರುವ ನಮ್ಮಂಥವರ ಮನೆಯಲ್ಲಿ ಅಮ್ಮನ ಹೆಸರಿನ ಬಿಲ್ಲು ಯಾವುದಿರುತ್ತದೆ? ಎಲ್ಲವೂ ಯಜಮಾನರ ಹೆಸರಿನಲ್ಲಿ. ಟ್ರಸ್ಟಿನ ಹುಡುಗಿ ಹೇಳಿದಳು, ಅವರು ನಿಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದಾರೆ ಅಂತ ಒಪ್ಪಂದ ಬರೆಯಿರಿ.

ಅಮ್ಮನಿಗೆ ಹೇಳಲು ನಾಲಿಗೆ ಬರಲಿಲ್ಲ. ಮಗಳ ಮನೆಯಲ್ಲಿ ಇರುವುದೇ ಅವಳಿಗೆ ಮೊದಲಿನಿಂದ ಒಂದು ಮುಜುಗರ, ಮಗನ ಮನೆ ಇರುವಾಗ ಅಳಿಯನ ಮನೆಯಲ್ಲಿ ಅಂತ. ಈಗ ಬಾಡಿಗೆ ಬೇರೆ. ಯಜಮಾನರು ತಾವೇ ಹೋಗಿ ಹೇಳಿದರು, "ಅತ್ತೆ, ಇದು ಸುಮ್ನೆ ಕಾಗದಕ್ಕೆ." ಅಮ್ಮ ಅಂದಳು, "ಕಾಗದಕ್ಕೆ ಯಾಕೆ? ನಿಜವಾಗ್ಲೇ ತಗೊಳಿ. ಆರು ವರ್ಷದಿಂದ ನಿಮ್ಮ ಕರೆಂಟು ಸುಡ್ತಾ ಇದೀನಲ್ಲ." ಅವರು ನನ್ನ ಮುಖ ನೋಡಿದರು. ತಿಂಗಳಿಗೆ 450 ಅಂತ ಬರೆದೆವು, ಊಟ ಕರೆಂಟು ಸೇರಿ. ನಿಜವಾದ ಖರ್ಚಿಗೆ ತಕ್ಕ ಮೊತ್ತ ಬರೆಯಿರಿ, ಮತ್ತು ಇದು ನಿಮ್ಮ ಆದಾಯ ತೆರಿಗೆಗೆ ಹೇಗೆ ಬರುತ್ತದೆ ಅಂತ ತೆರಿಗೆ ನೋಡುವವರನ್ನು ಮೊದಲೇ ಕೇಳಿ.

ಉಳಿದದ್ದರಲ್ಲಿ ಅವಳ ಫೋನನ್ನು ಅವಳ ಹೆಸರಿಗೆ ಮಾಡಿಸಿದೆವು, ಕನ್ನಡ ಚಾನೆಲ್ಲುಗಳ ಚಂದಾ ಕೂಡ. ದಿನಸಿ ರಸೀದಿ ಕಳಿಸಿ ದುಡ್ಡು ವಾಪಸ್ ಪಡೆಯಬಹುದು ಅಂದರು ಅಂತ ಇಂಡಿಯನ್ ಅಂಗಡಿಯ ಒಂದು ರಸೀದಿ ಕಳಿಸಿದೆ, ತಿರಸ್ಕಾರವಾಯಿತು. ಅದರಲ್ಲಿ 20 ಪೌಂಡಿನ ಎರಡು ಸೋನಾ ಮಸೂರಿ ಚೀಲ ಇತ್ತು, ಯಜಮಾನರ ಶೇವಿಂಗ್ ಬ್ಲೇಡೂ ಇತ್ತು. ಒಬ್ಬ ಅಜ್ಜಿ ತಿಂಗಳಿಗೆ ಇಷ್ಟು ಅಕ್ಕಿ ತಿನ್ನುತ್ತಾರಾ ಅಂತ ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈಗ ಅಮ್ಮನ ಸಾಮಾನಿಗೆ ಬೇರೆ ಬಿಲ್ಲು ಮಾಡಿಸುತ್ತೇನೆ. ಮೂರು ತಿಂಗಳಿಗಿಂತ ಹಳೆಯ ರಸೀದಿಯನ್ನೂ ನಮ್ಮ ಟ್ರಸ್ಟಿನವರು ತೆಗೆದುಕೊಳ್ಳುವುದಿಲ್ಲ. ಡಬ್ಬಿಯಲ್ಲಿ ಕೂಡಿಡಬೇಡಿ.

ಟ್ರಸ್ಟಿನಿಂದ ಆಗದೇ ಇರುವುದು: ಉಡುಗೊರೆ, ದಾನ. ಅಮ್ಮ ಪ್ರತಿ ವರ್ಷ ಫ್ಲಶಿಂಗಿನ ಗಣೇಶನ ಗುಡಿಗೆ 101 ಡಾಲರ್ ಕೊಡುತ್ತಾಳೆ, ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ 51. ಅದೆಲ್ಲ ಅವಳ ಕೈಯಲ್ಲಿ ಉಳಿಯುವ 1,820ರಿಂದ ಆಗಬೇಕು. "ದೇವ್ರಿಗೆ ಕೊಡೋಕೂ ಅವ್ರು ಬಿಡಲ್ವಾ?" ಅಂತ ಬೇಜಾರು ಮಾಡಿಕೊಂಡಳು. ಆಮೇಲೆ ಅವಳೇ, "ದೇವ್ರ ದುಡ್ಡು ಕೈಯಿಂದ್ಲೇ ಹೋಗ್ಲಿ ಬಿಡು" ಅಂದಳು.

ನಮಗೆ ಅರ್ಜಿಯಿಂದ ಪೂರ್ತಿ ಮುಗಿಯುವವರೆಗೆ ಹಿಡಿದದ್ದು ಏಳು ತಿಂಗಳು. ಪ್ರತಿ ಕಾಗದವನ್ನೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅಥವಾ ಫ್ಯಾಕ್ಸಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಗುರುತು ಇಟ್ಟುಕೊಳ್ಳಿ. ಒಂದು ಸಲ ನಮ್ಮ ಲಕೋಟೆ ಬಂದೇ ಇಲ್ಲ ಅಂದರು, ಫ್ಯಾಕ್ಸಿನ ಚೀಟಿ ತೋರಿಸಿದ ಮೇಲೆ ಸಿಕ್ಕಿತು. ಟ್ರಸ್ಟಿಗೆ ತಿಂಗಳ ದುಡ್ಡು ಬ್ಯಾಂಕಿನಿಂದ ತಾನಾಗೇ ಹೋಗುವ ಹಾಗೆ ಮಾಡಿಸಿ. ವರ್ಷಕ್ಕೊಮ್ಮೆ ಮೆಡಿಕೇಯ್ಡ್ ನವೀಕರಣಕ್ಕೆ ಆ ಜಮೆಯ ದಾಖಲೆಯನ್ನೂ ಕೇಳುತ್ತಾರೆ. ಈಗಾಗಲೇ ಸೋಷಿಯಲ್ ಸೆಕ್ಯುರಿಟಿಯವರ ಪತ್ರ ಬಂದಿದೆ, 2026ರ ಜನವರಿಯಿಂದ ಶೇ. 2.8 ಜಾಸ್ತಿ, ಪಾರ್ಟ್ ಬಿ 202.90. ಅಂದರೆ 635 ಅನ್ನುವ ಅಂಕಿಯೂ ಬದಲಾಗುತ್ತದೆ, ಮತ್ತೆ ಹೊಸ ಪತ್ರ, ಹೊಸ ಲೆಕ್ಕ.

ಮೊನ್ನೆ ಟ್ರಸ್ಟಿನಿಂದ ಡಿಸೆಂಬರ್ ಬಾಡಿಗೆಯ ಚೆಕ್ಕು ಬಂತು. ಅಮ್ಮ ಅದನ್ನು ಎಡಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಲೆಕ್ಕದ ಪುಸ್ತಕ ತಾ ಅಂದಳು. ಜುಲೈಯಿಂದ ಪ್ರತಿ ತಿಂಗಳೂ "ಟ್ರಸ್ಟ್ 635" ಅಂತ ಬಲಗಡೆ, ಖರ್ಚಿನಲ್ಲಿ ಬರೆದಿದ್ದಾಳೆ. ಈಗ ಅದು ಖರ್ಚೂ ಅಲ್ಲ, ಜಮಾನೂ ಅಲ್ಲ, ತಪ್ಪು ಬರೆದಿದ್ದೀನಿ ಅಂದಳು. ಸ್ಕೇಲ್ ಹಿಡಿಯಲು ಬಲಗೈ ಬೇಕಲ್ಲ, ನನ್ನ ಕೈಲಿ ಹಾಳೆಯ ಅಂಚಿನಲ್ಲಿ ಮೂರನೇ ಗೆರೆ ಎಳೆಸಿದಳು. "ಮೇಲೆ ಏನಂತ ಬರೀಲಿ ಅಮ್ಮ?" ಅಂದೆ.

ಸ್ವಲ್ಪ ಹೊತ್ತು ಯೋಚಿಸಿದಳು. "ಸುತ್ತು ಅಂತ ಬರಿ" ಅಂದಳು.